ಕೊಟೇಷನ್ ಚೀಟಿಯನ್ನು ಕೆಳಗಿನಿಂದ ಓದಿ

ಬೆಂಗಳೂರಿನ ಎಸ್.ಪಿ. ರೋಡಿಗೆ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೋದರೆ ಮೊದಲು ಕೈಗೆ ಬರುವುದು ಒಂದು ಕೊಟೇಷನ್ ಚೀಟಿ. ಮೇಲಿನ ಸಾಲಿನಲ್ಲಿ ಪ್ರೊಸೆಸರ್. ಆಮೇಲೆ ಎಲ್ಲ ಭಾಗಗಳೂ ಕೂರುವ ಬೋರ್ಡ್, ಕೆಲಸ ನಡೆಯುವಾಗ ಮಾಹಿತಿ ಹಿಡಿದಿಡುವ ರ‍್ಯಾಮ್, ಫೈಲುಗಳನ್ನು ಉಳಿಸಿಡುವ ಎಸ್‌ಎಸ್‌ಡಿ. ಎಲ್ಲಕ್ಕಿಂತ ಕೆಳಗೆ ಕ್ಯಾಬಿನೆಟ್, ಅದರ ಜೊತೆಗೇ ಸೇರಿ ಬರುವ, ಒಳಗಿನ ಭಾಗಗಳಿಗೆಲ್ಲ ಕರೆಂಟು ಕೊಡುವ ಡಬ್ಬಿ ಎಸ್‌ಎಂಪಿಎಸ್.

2024ರ ಬೇಸಿಗೆಯಲ್ಲಿ ಅಕ್ಕನ ಮಗನ ಜೊತೆ ಅಲ್ಲಿಗೆ ಹೋಗಿದ್ದೆ. ಸಾಗರದ ಹುಡುಗ, ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗ್ ಸೇರುವವನಿದ್ದ. ಮಾನಿಟರ್ ಮನೆಯಲ್ಲೇ ಇತ್ತು. ಉಳಿದದ್ದಕ್ಕೆಲ್ಲ ಅಕ್ಕ ಕೊಟ್ಟಿದ್ದು 30 ಸಾವಿರ ರೂಪಾಯಿ.

"ಮಾವ, ಪ್ರೊಸೆಸರ್ ಇನ್ನೂ ಸ್ವಲ್ಪ ದೊಡ್ಡದು ಹಾಕಿಸೋಣ. ಎಸ್‌ಎಂಪಿಎಸ್‌ನಲ್ಲಿ ಉಳಿಸಿದ್ರಾಯ್ತು" ಅಂದ.

ನಾನೂ ಒಂದು ಕಾಲದಲ್ಲಿ ಹಾಗೇ ಲೆಕ್ಕ ಹಾಕಿದ್ದೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಹಾಕಿಸಿಕೊಂಡೆ. ಒಂದು ಮಳೆಗಾಲದ ಸಂಜೆ ವೋಲ್ಟೇಜ್ ಏರಿಳಿದು ಅದು ಸುಟ್ಟಿತು. ಸುಮ್ನೆ ತಾನೊಂದೇ ಹೋಗಲಿಲ್ಲ, ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಅಪ್ಪನ ಕೊನೆಯ ವರ್ಷಗಳ ಫೋಟೋಗಳು ಆ ಡಿಸ್ಕಿನಲ್ಲಿದ್ದವು. ಅಂದಿನಿಂದ ನಾನು ಚೀಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ.

ಎಸ್‌ಎಂಪಿಎಸ್‌ನದು ಸಣ್ಣ ಕೆಲಸವಲ್ಲ. ಗೋಡೆಯ ಪ್ಲಗ್ಗಿನಲ್ಲಿ ಇರುವುದು 230 ವೋಲ್ಟಿನ ಎಸಿ. ಕಂಪ್ಯೂಟರಿಗೆ ಬೇಕಾದದ್ದು 12, 5 ಮತ್ತು 3.3 ವೋಲ್ಟಿನ ಅಲುಗಾಡದ ಡಿಸಿ. ಈ ಡಬ್ಬಿ ಮೊದಲು ಎಸಿಯನ್ನು ಮುನ್ನೂರಕ್ಕಿಂತ ಜಾಸ್ತಿ ವೋಲ್ಟಿನ ಡಿಸಿ ಮಾಡುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್, ಆಫ್ ಮಾಡಿ ಚೂರು ಚೂರು ಮಾಡುತ್ತದೆ. ಅಷ್ಟು ವೇಗವಾಗಿ ಕತ್ತರಿಸಿದ ಕರೆಂಟಿಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಸಾಕು. ಹಳೆಯ ಸ್ಟೆಬಿಲೈಸರ್ ಎತ್ತಿ ನೋಡಿದವರಿಗೆ ಇದು ಎಷ್ಟು ಭಾರ ಉಳಿಸಿದೆ ಅಂತ ಅರ್ಥವಾಗುತ್ತದೆ. ಕೊನೆಗೆ ಆ ಚೂರುಗಳನ್ನು ಸೋಸಿ, ನಯ ಮಾಡಿ ಹೊರಗೆ ಕಳಿಸುತ್ತದೆ. 12 ವೋಲ್ಟ್ ಅಂದರೆ 11.4ರಿಂದ 12.6ರ ಒಳಗೇ ಇರಬೇಕು.

ಒಳಗೆ ಹೆಬ್ಬೆರಳಿಗಿಂತ ದಪ್ಪನೆಯ, ಕರೆಂಟು ಕೂಡಿಟ್ಟುಕೊಳ್ಳುವ ಒಂದು ಕೆಪ್ಯಾಸಿಟರ್ ಇರುತ್ತದೆ. ಕರೆಂಟ್ ಹೋದ ಮೇಲೂ ಸುಮಾರು 16 ಮಿಲಿಸೆಕೆಂಡ್ ಇದೇ ಗಾಡಿ ಎಳೆಯಬೇಕು. ಮನೆಯ ಸಾಧಾರಣ ಯುಪಿಎಸ್ ಬ್ಯಾಟರಿಗೆ ಬದಲಾಗಲು 10 ಮಿಲಿಸೆಕೆಂಡಿನವರೆಗೂ ತಗೊಳ್ಳಬಹುದು. ಆ ಸಂದಿನಲ್ಲಿ ಕಂಪ್ಯೂಟರನ್ನು ಕಾಯುವುದು ಈ ಕೆಪ್ಯಾಸಿಟರೇ. ಅಲ್ಲಿ ದುಡ್ಡು ಉಳಿಸಿದ ಡಬ್ಬಿಯಾದರೆ ಯುಪಿಎಸ್ ಇದ್ದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಎಷ್ಟೋ ಜನ ಆಗ ಯುಪಿಎಸ್ ಬದಲಾಯಿಸುತ್ತಾರೆ.

ಅಂಗಡಿಯವರ ಹತ್ತಿರ ಎರಡು ಡಬ್ಬಿ ಕೇಳಿ ಅವನ ಕೈಗೆ ಕೊಟ್ಟೆ. ಎರಡರ ಮೇಲೂ 450 ವ್ಯಾಟ್ ಅಂತ ದಪ್ಪಕ್ಷರ. "ಲೇಬಲ್ ಓದು, 12 ವೋಲ್ಟಿನ ಕಾಲಂ ನೋಡು" ಅಂದೆ. ಒಂದರಲ್ಲಿ 36 ಆಂಪಿಯರ್. ಇನ್ನೊಂದರಲ್ಲಿ 16. ಹನ್ನೆರಡು ಹದಿನಾರಲಿ 192 ವ್ಯಾಟ್, ಅಷ್ಟೇ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೊಟ್ಟೆ ತುಂಬಿಸಿಕೊಳ್ಳುವುದು ಈ 12 ವೋಲ್ಟಿನಿಂದಲೇ. ಹಾಗಿದ್ದ ಮೇಲೆ ಆ 450ಕ್ಕೆ ಏನು ಬೆಲೆ? ಒಳ್ಳೆಯದರ ಮೇಲೆ '80 ಪ್ಲಸ್' ಗುರುತೂ ಇತ್ತು. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಕನಿಷ್ಠ ನೂರಕ್ಕೆ 80 ಪಾಲು ಕೆಲಸಕ್ಕೆ ಬರುತ್ತದೆ, ಉಳಿದದ್ದು ಮಾತ್ರ ಬಿಸಿಯಾಗಿ ಹೋಗುತ್ತದೆ ಅಂತ ಅದರ ಅರ್ಥ. ಹುಡುಗ ಎರಡನ್ನೂ ಕೈಯಲ್ಲಿ ತೂಗಿ ನೋಡಿದ. ಆಮೇಲೆ ನಾನು ಹೇಳುವುದು ಏನೂ ಉಳಿಯಲಿಲ್ಲ.

ಮುಂದಿನ ಸಾಲು ಎಸ್‌ಎಸ್‌ಡಿ. ಇಲ್ಲಿ ಹಾರ್ಡ್ ಡಿಸ್ಕ್ ಹಾಕಿಸಿ ದುಡ್ಡು ಉಳಿಸುವ ಆಸೆ ಬೇಡ. ಹಾರ್ಡ್ ಡಿಸ್ಕ್ ಜಾತ್ರೆಯ ತೊಟ್ಟಿಲಿದ್ದ ಹಾಗೆ. ನಮಗೆ ಬೇಕಾದ ತೊಟ್ಟಿಲು ಕೆಳಗೆ ಬರುವವರೆಗೆ ಕಾಯಲೇಬೇಕು. ನಿಮಿಷಕ್ಕೆ 7,200 ಸುತ್ತು ತಿರುಗಿದರೂ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕು. ಓದುವ ಕಡ್ಡಿ ಸರಿಯಾದ ಜಾಗಕ್ಕೆ ಸರಿಯುವ ಹೊತ್ತನ್ನೂ ಸೇರಿಸಿದರೆ ಒಂದು ಸಣ್ಣ ತುಣುಕು ಸಿಗಲು ಸುಮಾರು 12 ಮಿಲಿಸೆಕೆಂಡ್. ಕಡಿಮೆ ಅನ್ನಿಸುತ್ತದೆ, ಅಲ್ವಾ? 4 ಗಿಗಾಹರ್ಟ್ಸ್ ಪ್ರೊಸೆಸರಿನ ಗಡಿಯಾರ ಅಷ್ಟರಲ್ಲಿ ಸುಮಾರು 5 ಕೋಟಿ ಸಲ ಬಡಿದಿರುತ್ತದೆ. ವಿಂಡೋಸ್ ಶುರುವಾಗುವಾಗ ಇಂಥ ಸಾವಿರಾರು ತುಣುಕು ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, 0.1 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ತುಣುಕು ಕೈಗೆ ಬರುತ್ತದೆ. ನಮ್ಮ ಹಳೆಯ ಕಂಪ್ಯೂಟರುಗಳು ನಿಧಾನ ಅನ್ನಿಸುತ್ತಿದ್ದುದು ಬಹುಪಾಲು ಈ ಕಾಯುವಿಕೆಯಿಂದ. ಅಲ್ಲಿ ಎಷ್ಟು ದೊಡ್ಡ ಪ್ರೊಸೆಸರ್ ಹಾಕಿದರೂ ಅದೂ ಕಾಯುತ್ತಲೇ ಕೂರುತ್ತಿತ್ತು.

ರ‍್ಯಾಮ್ 16 ಜಿಬಿ. ಚೀಟಿಯಲ್ಲಿ ಒಂದೇ ಸ್ಟಿಕ್ ಬರೆದಿದ್ದರು. 8 ಜಿಬಿಯ ಎರಡು ಸ್ಟಿಕ್ ಕೊಡಿ ಅಂದೆ. ಡಿಡಿಆರ್4 ಅನ್ನುವ ಜಾತಿಯ, 3200 ವೇಗದ ಸ್ಟಿಕ್ ಒಂದು ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ. ಎರಡು ಇದ್ದರೆ ಎರಡು ದಾರಿ, 51.2. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಭಾಗವೂ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಹಾಗಾಗಿ ಗೇಮ್ ಆಡುವಾಗ ಎರಡನೇ ದಾರಿಯ ಉಪಕಾರ ಕಣ್ಣಿಗೇ ಕಾಣುತ್ತದೆ.

ಬೋರ್ಡಿನ ಬಗ್ಗೆ ಒಂದು ಸಂಗತಿ ನನಗೆ ಇವತ್ತಿಗೂ ಸೋಜಿಗ. ಪ್ರೊಸೆಸರ್ 12 ವೋಲ್ಟಿನಲ್ಲಿ ಓಡುವುದಿಲ್ಲ, ಅದಕ್ಕೆ 1.2 ವೋಲ್ಟಿನಷ್ಟು ಸಾಕು. 65 ವ್ಯಾಟನ್ನು 1.2ರಿಂದ ಭಾಗಿಸಿ ನೋಡಿ. 54 ಆಂಪಿಯರ್! 2,000 ವ್ಯಾಟಿನ ಗೀಸರ್ ಎಳೆಯುವುದೇ 9 ಆಂಪಿಯರಿಗಿಂತ ಕಡಿಮೆ. ಅದರ ಆರು ಪಟ್ಟು ಕರೆಂಟು ಬಿಸ್ಕತ್ತಿನಷ್ಟಗಲದ ಚಿಪ್ಪಿನೊಳಗೆ ಹೋಗಬೇಕು. ಎಎಂ4 ಅನ್ನುವ ಸಾಕೆಟ್ಟಿನಲ್ಲಿ ಕೂರುವ ಎಎಂಡಿ ಕಂಪನಿಯ ಚಿಪ್ಪಿನ ಕೆಳಗೆ 1,331 ಪಿನ್ ಇರುವುದಕ್ಕೆ ಇದೂ ಒಂದು ಕಾರಣ. ಅವುಗಳಲ್ಲಿ ಬಹಳಷ್ಟು ಪಿನ್ನುಗಳು ಬರೀ ಕರೆಂಟು ತರುವುದಕ್ಕೆ, ವಾಪಸ್ ಒಯ್ಯುವುದಕ್ಕೆ. ವೋಲ್ಟೇಜ್ ಇಳಿಸುವ ಕೆಲಸ ಸಾಕೆಟ್ಟಿನ ಪಕ್ಕದಲ್ಲಿ ಸಾಲಾಗಿ ಕೂತ ಪುಟ್ಟ ಕಪ್ಪು ಭಾಗಗಳದ್ದು. ತೀರಾ ಅಗ್ಗದ ಬೋರ್ಡಿನಲ್ಲಿ ಅವು ಕಡಿಮೆ ಇರುತ್ತವೆ, ಬಿಸಿಯೂ ಜಾಸ್ತಿ ಆಗುತ್ತವೆ.

ಕೊನೆಗೆ ಮೇಲಿನ ಸಾಲು. ಎಎಂಡಿಯ ರೈಜನ್ 5 5600ಜಿ ಪ್ರೊಸೆಸರ್ ತಗೊಂಡೆವು. ಆರು ಕೋರ್, ಒಳಗೇ ಗ್ರಾಫಿಕ್ಸ್. ಇಂಟೆಲ್ ಐ3-12100 ಕೂಡ ಒಳ್ಳೆಯದೇ. ಆದರೆ ಕೊನೆಗೆ 'ಎಫ್' ಇದ್ದರೆ ಜೋಕೆ. ಎಫ್ ಇರುವ ಚಿಪ್ಪಿನಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಅಗ್ಗ ಅಂತ ತಂದು, ಬೇರೆ ಕಾರ್ಡ್ ಇಲ್ಲದೆ ಹಾಕಿದರೆ ಪರದೆ ಕಪ್ಪಗೇ ಇರುತ್ತದೆ. ಬೋರ್ಡಿನಲ್ಲೂ ಒಂದು ಮಾತು ಕೇಳಿಕೊಳ್ಳಿ. ಈ ಚಿಪ್ಪು ಕೂರುವ ಬಿ450 ಬೋರ್ಡುಗಳು ಬಂದದ್ದು 2018ರಲ್ಲಿ, 5600ಜಿ ಬಂದದ್ದು 2021ರಲ್ಲಿ. ಹಳೆಯ ಸ್ಟಾಕಿನ ಬೋರ್ಡಿಗೆ ಈ ಚಿಪ್ಪಿನ ಪರಿಚಯವೇ ಇರುವುದಿಲ್ಲ. ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್ ಆದ ಬಯೋಸ್ ಅಪ್‌ಡೇಟ್ ಮಾಡಿಸಿ, ಅಂಗಡಿಯಲ್ಲೇ ಆನ್ ಮಾಡಿ ನೋಡಿ, ಆಮೇಲೆ ದುಡ್ಡು ಕೊಡಿ.

ಗ್ರಾಫಿಕ್ಸ್ ಕಾರ್ಡಿನ ಸ್ಲಾಟ್ ಖಾಲಿ ಇದೆ. ಅದಕ್ಕೆ ಹುಡುಗ ಈಗ ದುಡ್ಡು ಕೂಡಿಡುತ್ತಿದ್ದಾನೆ. ಮೊನ್ನೆ ಫೋನ್ ಮಾಡಿದ್ದ. ಕಾರ್ಡಿನ ಹೆಸರು ಹೇಳುವ ಮೊದಲು ಅವನು ಕೇಳಿದ್ದು ಇದನ್ನು: "ಮಾವ, 12 ವೋಲ್ಟಲ್ಲಿ ಇದಕ್ಕೆ ಎಷ್ಟು ಆಂಪ್ ಬೇಕು?"