ಚಪ್ಪಲಿ ತೋರಿಸಿ, ಆಮೇಲೆ ಕಾಲು

“ಗಾಯ ಏನೋ ಆಗಿದೆ, ಆದ್ರೆ ನೋವಿಲ್ಲ ಡಾಕ್ಟ್ರೇ. ಮನೆಯವಳು ಬಲವಂತ ಮಾಡಿದ್ಲು ಅಂತ ಬಂದೆ.”

ಶುಗರ್ ಇರುವವರ ಕಾಲು ನೋಡುವುದೇ ನನ್ನ ಕೆಲಸ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಕ್ಲಿನಿಕ್. ಈ ಮಾತು ವಾರಕ್ಕೆ ನಾಲ್ಕೈದು ಸಲವಾದರೂ ಕಿವಿಗೆ ಬೀಳುತ್ತದೆ. ಹೇಳುವವರಿಗೆ ಅದು ಸಮಾಧಾನದ ಸುದ್ದಿ. ನನಗೆ ಮಾತ್ರ ಎದೆ ಧಸಕ್ ಅನ್ನುತ್ತದೆ. ಅಂಗಾಲಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಗಾಯ ಇಟ್ಟುಕೊಂಡು, ಮೆಟ್ರೊ ಹತ್ತಿ ಇಳಿದು, ಒಂದು ಮಹಡಿ ಮೆಟ್ಟಿಲೇರಿ, ಚೂರೂ ಕುಂಟದೆ ಒಳಗೆ ಬರುತ್ತಾರೆ ಅಂದರೆ ಕಾಲಿನ ನರ ಸುದ್ದಿ ಕಳಿಸುವುದನ್ನೇ ಬಿಟ್ಟಿದೆ ಅಂತಲೇ ಅರ್ಥ.

ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ನರ ಹಾಳಾಗುತ್ತದೆ. ಮೈಯಲ್ಲಿ ಎಲ್ಲಕ್ಕಿಂತ ಉದ್ದದ ನರ ಕಾಲಿಗೆ ಹೋಗುವುದು, ಮೊದಲ ಪೆಟ್ಟು ಅದಕ್ಕೇ. ಆದ್ದರಿಂದಲೇ ಬೆರಳ ತುದಿಯಿಂದ ಶುರುವಾಗುತ್ತದೆ. ಮೊದಮೊದಲು ಜೋಮು, ರಾತ್ರಿ ಉರಿ, ಹತ್ತಿಯ ಮೇಲೆ ನಡೆದ ಹಾಗೆ. ಆಮೇಲೆ ಒಂದು ದಿನ ಉರಿ ತಾನಾಗಿ ನಿಲ್ಲುತ್ತದೆ. “ವಾಸಿ ಆಯ್ತು” ಅಂದುಕೊಳ್ಳುತ್ತಾರೆ. ಎಷ್ಟೋ ಸಲ ವಾಸಿಯಾಗಿರುವುದಿಲ್ಲ, ನರವೇ ಸತ್ತಿರುತ್ತದೆ. ಬಹಳ ವರ್ಷ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಿಯೂ ಜೋಮು ಬರಬಹುದು. ಅದೊಂದು ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು.

ಪರೀಕ್ಷೆ ಸುಲಭ. 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ ಇರುತ್ತದೆ. ಕಣ್ಣು ಮುಚ್ಚಿಸಿ ಅದನ್ನು ಅಂಗಾಲಿಗೆ ಮುಟ್ಟಿಸಿ, “ಗೊತ್ತಾದಾಗ ಹೂಂ ಅನ್ನಿ” ಅನ್ನುತ್ತೇನೆ. ಕೆಲವರು ಎರಡು ನಿಮಿಷ ಸುಮ್ನೆ ಕೂತಿದ್ದು, “ಇನ್ನೂ ಶುರು ಮಾಡ್ಲಿಲ್ವಾ?” ಅಂತ ಕೇಳುತ್ತಾರೆ. ಅಷ್ಟರಲ್ಲಿ ನಾನು ಎರಡೂ ಪಾದ ಮುಗಿಸಿರುತ್ತೇನೆ.

ನರ ಕೆಡುವುದು ನೋವಿಗಷ್ಟೇ ಸಂಬಂಧಿಸಿದ್ದಲ್ಲ. ಬೆವರು ನಿಂತು ಚರ್ಮ ಒಣಗುತ್ತದೆ, ಹಿಮ್ಮಡಿ ಒಡೆಯುತ್ತದೆ. ಪಾದದೊಳಗಿನ ಸಣ್ಣ ಸ್ನಾಯುಗಳು ಸೊರಗಿ ಬೆರಳು ಕೊಕ್ಕೆಯ ಹಾಗೆ ಬಾಗುತ್ತವೆ. ಆಗ ಮೈಭಾರವೆಲ್ಲ ಬೆರಳ ಬುಡದ ಒಂದೆರಡು ಮೂಳೆಯ ಮೇಲೆ ಬೀಳುತ್ತದೆ. ಅಲ್ಲಿ ಚರ್ಮ ಜಡ್ಡುಗಟ್ಟುತ್ತದೆ. ಜಡ್ಡು ಅಂದರೆ ಚಪ್ಪಲಿಯೊಳಗೆ ಸಿಕ್ಕ ಕಲ್ಲಿದ್ದ ಹಾಗೆ. ಒಳಗಿನ ಮಾಂಸವನ್ನು ಅದೇ ಜಜ್ಜುತ್ತದೆ.

ಮೊನ್ನೆ ಒಬ್ಬರ ಜಡ್ಡು ಹೆರೆಯುತ್ತಿದ್ದೆ. ಬ್ಲೇಡು ಆಡಿಸಿದಷ್ಟೂ ಹಳದಿ ಪದರ ಸೌತೆಕಾಯಿ ಸಿಪ್ಪೆಯ ಹಾಗೆ ಸುರುಳಿ ಸುರುಳಿಯಾಗಿ ಬರುತ್ತಿತ್ತು. ಮೂರನೇ ಪದರದ ಕೆಳಗೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ, ಅಂದರೆ ಒಳಗೆ ಹೆಪ್ಪುಗಟ್ಟಿದ ರಕ್ತ. ಇನ್ನೊಂದು ಪದರ ತೆಗೆದೆ. ಕಿರುಬೆರಳ ತುದಿ ಇಳಿಯುವಷ್ಟು ಆಳದ ಗಾಯ ಬಾಯಿ ಬಿಟ್ಟಿತು. ಇಷ್ಟು ಹೊತ್ತೂ ಅವರು ಫೋನಿನಲ್ಲಿ ಸೈಟಿನ ಖಾತೆ ವಿಚಾರ ಮಾತಾಡುತ್ತಿದ್ದರು. ಫೋನಿಟ್ಟು ಕೆಳಗೆ ನೋಡಿದವರೇ, “ಏನ್ ಸಾರ್, ಇಲ್ದೇ ಇದ್ದ ಗಾಯ ಮಾಡಿಬಿಟ್ರಿ!” ಅಂದರು. ಇದೂ ನನಗೆ ಹೊಸದಲ್ಲ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸ ಶುರು ಮಾಡಿದ ಹೊಸತು. ಐವತ್ತು ದಾಟಿದ ಒಬ್ಬರು ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಗಾಯ ಮಾಡಿಕೊಂಡು ಬರುತ್ತಿದ್ದರು. ಮೂರು ತಿಂಗಳು ನೋಡಿದೆ. ಶುಗರ್ ಹತೋಟಿಗೆ ಬಂತು. ಮುಲಾಮು ಬದಲಾಯಿಸಿದೆ, ಎರಡು ಸಲ ಆಂಟಿಬಯಾಟಿಕ್ ಬರೆದೆ. ಗಾಯ ಇದ್ದ ಹಾಗೇ ಇತ್ತು. ಪಥ್ಯ ಮಾಡುತ್ತಿಲ್ಲ ಅಂತ ಅವರನ್ನೇ ಗದರಿಸಿದ್ದೂ ಉಂಟು.

ಒಂದು ಸಂಜೆ ಬೇರೆ ಏನೋ ಕೆಲಸಕ್ಕೆ ಹೋಗುವಾಗ, ಒಂದು ಅಪಾರ್ಟ್‌ಮೆಂಟ್ ಗೇಟಿನ ಪಕ್ಕ ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ ಕಂಡಿತು. ಗಾಡಿಯ ಹಿಂದೆ ಅವರೇ. ಕೆಂಡ ತುಂಬಿದ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳುವಾಗ ಮೈ ಬಾಗುತ್ತಿತ್ತು, ಬಲ ಹಿಮ್ಮಡಿ ನೆಲ ಬಿಟ್ಟು ಮೇಲೇಳುತ್ತಿತ್ತು. ಪೂರ್ತಿ ಭಾರ ಹೆಬ್ಬೆರಳ ಬುಡದ ಮೇಲೆ. ನಾನು ಬೆಳಿಗ್ಗೆ ಸುತ್ತಿದ ಬಿಳೀ ಬ್ಯಾಂಡೇಜು ಹವಾಯಿ ಚಪ್ಪಲಿಯೊಳಗೆ ಬೂದಿ ಬಣ್ಣಕ್ಕೆ ತಿರುಗಿತ್ತು.

“ಎಷ್ಟೊತ್ತು ನಿಲ್ತೀರಿ ಇಲ್ಲಿ?”

“ಬೆಳಿಗ್ಗೆ ಎಂಟಕ್ಕೆ ಬರ್ತೀನಿ ಸಾರ್, ರಾತ್ರಿ ಎಂಟು. ಮಧ್ಯದಲ್ಲಿ ಊಟಕ್ಕೆ ಅರ್ಧ ಗಂಟೆ ಕೂರ್ತೀನಿ.”

“ಇಷ್ಟು ದಿನ ಹೇಳ್ಲೇ ಇಲ್ವಲ್ಲ ನೀವು?”

“ನೀವು ಕೇಳ್ಲಿಲ್ವಲ್ಲ ಸಾರ್.”

ಅವತ್ತಿನಿಂದ ನನ್ನ ಕ್ಲಿನಿಕ್ಕಿನಲ್ಲಿ ಮೊದಲ ಪ್ರಶ್ನೆ ಶುಗರ್ ಎಷ್ಟು ಅಂತಲ್ಲ, ದಿನವಿಡೀ ಏನು ಮಾಡುತ್ತೀರಿ ಅಂತ. ಎರಡನೆಯದು, ಚಪ್ಪಲಿ ತೋರಿಸಿ. ಸವೆದ ಚಪ್ಪಲಿ ಎಕ್ಸ್‌ರೇ ಇದ್ದ ಹಾಗೆ. ಯಾವ ಜಾಗ ತಗ್ಗಾಗಿದೆಯೋ ಅಲ್ಲೇ ಜಡ್ಡು, ಅಲ್ಲೇ ಮುಂದಿನ ಗಾಯ.

ಅಂಗಾಲಿನ ಗಾಯಕ್ಕೆ ದೊಡ್ಡ ಔಷಧಿ ಅಂದರೆ ಅದರ ಮೇಲಿನ ಭಾರ ಇಳಿಸುವುದು. ರಕ್ತ ಚೆನ್ನಾಗಿ ಹರಿಯುತ್ತಿದ್ದು, ಕೀವು ಇಲ್ಲದಿದ್ದರೆ, ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಮೈಗೆ ಅಂಟಿದ ಹಾಗೆ ಪ್ಲಾಸ್ಟರ್ ಹಾಕುತ್ತೇವೆ. “ಮೂಳೆ ಮುರಿದಿಲ್ವಲ್ಲ, ಪ್ಲಾಸ್ಟರ್ ಯಾಕೆ?” ಅಂತ ಎಲ್ಲರೂ ಕೇಳುತ್ತಾರೆ. ಗಾಯದ ಮೇಲೆ ಬೀಳುವ ಒತ್ತಡವನ್ನು ಅದು ಇಡೀ ಪಾದಕ್ಕೂ ಮೀನಖಂಡಕ್ಕೂ ಹಂಚುತ್ತದೆ. ಇನ್ನೊಂದು ಗುಣವೂ ಇದೆ, ರೋಗಿ ಅದನ್ನು ಬಿಚ್ಚಿಡುವ ಹಾಗಿಲ್ಲ. ಬಿಚ್ಚುವಂಥ ಬೂಟು ಕೊಟ್ಟರೆ ಏನಾಗುತ್ತದೆ ಅಂತ ಅಮೆರಿಕದಲ್ಲಿ 2003ರಲ್ಲಿ ಬಂದ ಒಂದು ಸಣ್ಣ ಅಧ್ಯಯನ ತೋರಿಸಿತ್ತು. ರೋಗಿಗಳು ಇಟ್ಟ 100 ಹೆಜ್ಜೆಯಲ್ಲಿ ಬೂಟು ಕಾಲಲ್ಲಿದ್ದದ್ದು ಬರೀ 28ಕ್ಕೆ. ಅಲ್ಲಿಯವರೇ ಹೀಗೆ. ಹೊಸ್ತಿಲಲ್ಲೇ ಚಪ್ಪಲಿ ಬಿಡುವ ನಮ್ಮ ಕಥೆ ಕೇಳಬೇಕಾ?

ಇಸ್ತ್ರಿ ಗಾಡಿಯವರಿಗೆ ಪ್ಲಾಸ್ಟರ್ ಹಾಕಿದೆ. ಗಾಡಿಯನ್ನು ಮಗ ನೋಡಿಕೊಂಡ. ವಾರ ವಾರ ಬಿಚ್ಚಿ, ಹೆರೆದು, ಹೊಸದು ಹಾಕಿದೆ. ಏಳನೇ ವಾರಕ್ಕೆ ಗಾಯ ಮುಚ್ಚಿತು. ಮೂರು ತಿಂಗಳ ಮುಲಾಮು ಮಾಡದ ಕೆಲಸ ಅದು.

ಗಾಯಕ್ಕೆ ಏನು ಹಾಕಬೇಕು ಅಂತ ಎಲ್ಲರಿಗೂ ಕುತೂಹಲ, ನನಗೆ ಅಷ್ಟಿಲ್ಲ. ಸಲೈನಿನಲ್ಲಿ ತೊಳೆದು, ಗಾಯ ಹಸಿಯಾಗಿರುವ ಹಾಗೆ, ಆದರೆ ಸುತ್ತಲ ಚರ್ಮ ನೆನೆಯದ ಹಾಗೆ ಡ್ರೆಸಿಂಗ್ ಮಾಡಿದರೆ ಸಾಕು. ಅರಿಶಿನ, ಕಾಫಿ ಪುಡಿ, ಸುಣ್ಣ ಇವನ್ನೆಲ್ಲ ತುಂಬಿಕೊಂಡು ಬರುತ್ತಾರೆ. ನನಗೆ ಮೊದಲ ಹತ್ತು ನಿಮಿಷ ಅದನ್ನು ಕೆರೆದು ತೆಗೆಯುವುದೇ ಕೆಲಸ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ನೋಡಿದರೆ ಏನೋ ಕ್ಲೀನಾದ ಹಾಗೆ ಖುಷಿಯಾಗುತ್ತದೆ. ದಿನಾ ಸುರಿದರೆ ಹೊಸದಾಗಿ ಹುಟ್ಟುತ್ತಿರುವ ಚರ್ಮವೂ ಸಾಯುತ್ತದೆ. ಸೋಂಕಿನ ಗುರುತಿಲ್ಲದ ಗಾಯಕ್ಕೆ ಆಂಟಿಬಯಾಟಿಕ್ ಬೇಕಿಲ್ಲ. ಕೇಳಿ ಪಡೆಯಬೇಡಿ. ಮೆಡಿಕಲ್ ಶಾಪಿನ ಆಣಿ ಪ್ಲಾಸ್ಟರಂತೂ ಬೇಡವೇ ಬೇಡ, ಅದರೊಳಗೆ ಚರ್ಮ ಸುಡುವ ಆಮ್ಲ ಇರುತ್ತದೆ.

ಸರಿಯಾಗಿ ಭಾರ ಇಳಿಸಿಯೂ 4 ವಾರದಲ್ಲಿ ಗಾಯ ಅರ್ಧದಷ್ಟಾದರೂ ಕುಗ್ಗದಿದ್ದರೆ ಬೇರೇನೋ ತಪ್ಪಿದೆ ಅಂತ ಲೆಕ್ಕ. ಸಾಮಾನ್ಯವಾಗಿ ಅದು ರಕ್ತದ ಹರಿವು. ಪಾದದ ಮೇಲೊಂದು, ಒಳಗಣಕಾಲಿನ ಹಿಂದೊಂದು ನಾಡಿ ಸಿಗಬೇಕು. ಸಿಗದಿದ್ದರೆ ಕಾಲಿನ ಬಿಪಿಯನ್ನು ಕೈಯ ಬಿಪಿಯ ಜೊತೆ ಹೋಲಿಸುತ್ತೇವೆ. ಆ ಅನುಪಾತ 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳದ ಡಾಕ್ಟರ ಹತ್ತಿರ ಕಳಿಸುವುದು. ಶುಗರ್ ಇರುವವರಲ್ಲಿ ನಾಳ ಸುಣ್ಣಗಟ್ಟಿ ಗಟ್ಟಿಯಾಗಿದ್ದರೆ ಈ ಲೆಕ್ಕ ಸುಳ್ಳು ಹೇಳುವುದೂ ಉಂಟು, ಅದಕ್ಕೇ ಬರೀ ನಂಬರನ್ನೇ ನಂಬುವುದಿಲ್ಲ. ಬೀಡಿ, ಸಿಗರೇಟಿನ ಬಗ್ಗೆ ಬೇರೆ ಹೇಳಬೇಕಾ?

ನಮ್ಮೂರಿನದೇ ಕೆಲವು ಅಪಾಯಗಳಿವೆ. ಪಾರ್ಕುಗಳಲ್ಲಿ ಅಕ್ಯುಪ್ರೆಷರ್ ಅಂತ ಉರುಟು ಕಲ್ಲು ನೆಟ್ಟ ದಾರಿ ಮಾಡಿದ್ದಾರೆ. ಶುಗರಿಗೆ ಒಳ್ಳೆಯದು ಅಂತ ಯಾರೋ ಹೇಳಿದ್ದನ್ನು ಕೇಳಿ ಬರಿಗಾಲಲ್ಲಿ ನಡೆಯುತ್ತಾರೆ. ಸ್ಪರ್ಶ ಹೋದ ಕಾಲಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಏಪ್ರಿಲ್ ಮಧ್ಯಾಹ್ನ ದೇವಸ್ಥಾನದ ಚಪ್ಪಡಿ ಕಲ್ಲಿನ ಮೇಲೆ ಮೂರು ಪ್ರದಕ್ಷಿಣೆ ಹಾಕಿ, ಎರಡೂ ಅಂಗಾಲಿನಲ್ಲಿ ಬೊಕ್ಕೆ ಎದ್ದು ಬಂದವರನ್ನು ನೋಡಿದ್ದೇನೆ. ಬಿಸಿ ತಟ್ಟಿದ್ದೇ ಅವರಿಗೆ ಗೊತ್ತಾಗಿರಲಿಲ್ಲ. ಅಯ್ಯಪ್ಪ ಮಾಲೆ ಹಾಕುವವರಿಗೆ ನಾನು ಬೇಡ ಅನ್ನುವುದಿಲ್ಲ, ಅಂದರೂ ಕೇಳುವುದಿಲ್ಲ. ಮೊದಲು ಕಾಲು ಪರೀಕ್ಷೆ ಮಾಡಿಸಿ, ಸ್ಪರ್ಶ ಇಲ್ಲದಿದ್ದರೆ ಚಪ್ಪಲಿ ಹಾಕಿಕೊಂಡೇ ವ್ರತ ಮಾಡಲು ಗುರುಸ್ವಾಮಿಯನ್ನು ಒಪ್ಪಿಸಿ ಅನ್ನುತ್ತೇನೆ. ತಣ್ಣನೆ ಬೆಳಿಗ್ಗೆ, ದಪ್ಪ ಸಾಕ್ಸ್ ಹಾಕಿಕೊಂಡು ದೇವಸ್ಥಾನಕ್ಕೆ ಹೋಗಿ ಬರುವುದಕ್ಕೆ ಯಾವ ದೇವರ ಅಡ್ಡಿಯೂ ಇರಲಾರದು. ಮನೆಯೊಳಗೆ ತಿರುಗಾಡಲು ಹೊಸ್ತಿಲು ದಾಟದ ಬೇರೆ ಒಂದು ಜೊತೆ ಚಪ್ಪಲಿ ಇಟ್ಟುಕೊಳ್ಳಿ.

ಹೆಂಗಸರಲ್ಲಿ ಕಾಲುಂಗುರದ್ದು ಬೇರೆಯೇ ತಕರಾರು. ಕಾಲು ಊದಿದಾಗ ಉಂಗುರ ಬೆರಳಿಗೆ ಇಳಿದುಬಿಡುತ್ತದೆ. ಒಬ್ಬ ಅಮ್ಮ ಅದನ್ನು ಕತ್ತರಿಸಲು ಒಪ್ಪಲೇ ಇಲ್ಲ. ಕೊನೆಗೆ ಅವರ ಯಜಮಾನರೇ, “ನಾನಿನ್ನೂ ಗುಂಡುಕಲ್ಲಿನ ಹಾಗಿದೀನಿ, ತೆಗಿಯೇ” ಅಂದ ಮೇಲೆ ಕಾಲು ಮುಂದೆ ಚಾಚಿದರು. ಕೆಳಗೆ ಬೆರಳ ಸುತ್ತಲೂ ಹಸಿ ಗಾಯ. ಈಗ ಸಡಿಲವಾದ, ಬಾಯಿ ತೆರೆದ ಉಂಗುರ ಹಾಕುತ್ತಾರೆ.

ಒಣಗಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸಾಕು, ಆದರೆ ಬೆರಳ ಸಂದಿಗೆ ಬೇಡ. ಮಳೆಗಾಲದಲ್ಲಿ ಅಲ್ಲಿ ಕೆಸರುಹುಣ್ಣು ಎದ್ದು, ಸೋಂಕು ಒಳಗೆ ಹೋಗಲು ಬಾಗಿಲು ತೆರೆದ ಹಾಗಾಗುತ್ತದೆ. ಬಿಸಿನೀರನ್ನು ಕಾಲಲ್ಲಿ ನೋಡಬೇಡಿ, ಮೊಣಕೈಯಲ್ಲಿ ನೋಡಿ. ಉಪ್ಪುನೀರಲ್ಲಿ ಕಾಲು ನೆನೆಸುವುದನ್ನು ಬಿಟ್ಟುಬಿಡಿ.

ಚಪ್ಪಲಿಗೆ ಎಂಸಿಆರ್ ಅನ್ನುವ ಮೆತ್ತನೆ ರಬ್ಬರ್ ಬರುತ್ತದೆ. ಕುಷ್ಠರೋಗಿಗಳ ಮರಗಟ್ಟಿದ ಪಾದಕ್ಕಾಗಿ ನಮ್ಮ ದೇಶದಲ್ಲಿ ರೂಢಿಗೆ ಬಂದದ್ದು. ವೆಲ್ಲೂರಿನಲ್ಲಿದ್ದ ಪಾಲ್ ಬ್ರ್ಯಾಂಡ್ ಎಂಬ ಡಾಕ್ಟರು, ಕುಷ್ಠದಲ್ಲಿ ಕೈಕಾಲು ತಾನಾಗಿ ಕೊಳೆಯುವುದಿಲ್ಲ, ನೋವು ಗೊತ್ತಾಗದೆ ಆದ ಪೆಟ್ಟಿನಿಂದ ಹಾಳಾಗುತ್ತದೆ ಅಂತ ತೋರಿಸಿಕೊಟ್ಟರು. ಶುಗರ್ ಕಾಲಿನ ಚಿಕಿತ್ಸೆಯಲ್ಲಿ ನಾವು ಮಾಡುವ ಅರ್ಧಕ್ಕರ್ಧ ಅಲ್ಲಿಂದ ಬಂದದ್ದೇ. ಬೆಂಗಳೂರಿನಲ್ಲೇ, ನಮ್ಮ ಐಐಎಸ್‌ಸಿಯವರು ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೊಕ್ರೈನಾಲಜಿ ಆ್ಯಂಡ್ ರಿಸರ್ಚ್‌ನವರ ಜೊತೆ ಸೇರಿ ಮಾಡಿದ ಒಂದು 3ಡಿ ಮುದ್ರಿತ ಚಪ್ಪಲಿಯ ಸುದ್ದಿ 2022ರಲ್ಲಿ ಬಂತು. ಒತ್ತಡ ಮಿತಿ ಮೀರಿದ ಕಡೆ ಅದರ ಸಣ್ಣ ಕಮಾನುಗಳು ಟಪ್ ಅಂತ ಒಳಕ್ಕೆ ಮಡಚಿ ಆ ಜಾಗದ ಭಾರ ಬಿಡಿಸುತ್ತವೆ. ನನಗೆ ಬಹಳ ಹಿಡಿಸಿತು. ಅಂಥದ್ದು ಕೈಗೆ ಸಿಗುವ ತನಕ, ಹಿಂದೆ ಪಟ್ಟಿ ಇರುವ ಎಂಸಿಆರ್ ಚಪ್ಪಲಿ ಸಾಕು. ಸಂಜೆ ಹೊತ್ತು ಕೊಳ್ಳಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಹಾಕುವ ಮೊದಲು ಒಳಗೆ ಕೈಯಾಡಿಸಿ.

ಗಾಯವೇ ಇಲ್ಲದ ಒಂದು ತುರ್ತು ಇದೆ. ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾಗಿರುತ್ತದೆ. ನೋವು ಅಷ್ಟಕ್ಕಷ್ಟೇ. ಶಾರ್ಕೋ ಪಾದ ಅನ್ನುತ್ತೇವೆ. ಒಳಗೆ ಮೂಳೆ ಪುಡಿಯಾಗಲು ಶುರುವಾಗಿರುತ್ತದೆ, ಆದರೆ ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಉಳುಕು, ಸೋಂಕು, ಗೌಟ್ ಅಂತ ವಾರಗಟ್ಟಲೆ ನಡೆದಾಡಿಸಿದರೆ ಪಾದದ ಕಮಾನು ಕುಸಿದು ತಳ ದೋಣಿಯ ಹಾಗಾಗುತ್ತದೆ. ಎರಡೂ ಪಾದಕ್ಕೆ 2 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ನಾನು ಅನುಮಾನ ಪಡುತ್ತೇನೆ. ಮನೆಯಲ್ಲಿ ಅಂಗೈ ಹಿಂಭಾಗವೇ ಥರ್ಮಾಮೀಟರ್.

ಅವತ್ತೇ ಬರಬೇಕಾದವರು ಯಾರೆಂದರೆ, ಗಾಯದ ಸುತ್ತ ಕೆಂಪು ಹರಡುತ್ತಿರುವವರು, ಕೀವು ಅಥವಾ ವಾಸನೆ ಬಂದವರು, ಬೆರಳು ಕಪ್ಪಾದವರು. ಜ್ವರ ಬರಲಿ ನೋಡೋಣ ಅಂತ ಕಾಯಬೇಡಿ. ಶುಗರ್ ಇರುವವರಲ್ಲಿ ಕಾಲು ತುಂಬ ಕೀವಾಗಿದ್ದರೂ ಜ್ವರ ಬಾರದೇ ಇರಬಹುದು. ಕಾರಣವಿಲ್ಲದೆ ಶುಗರ್ ಏರಿದ್ದೇ ಕೆಲವು ಸಲ ಮೊದಲ ಸುಳಿವು.

ಗಾಯ ಒಮ್ಮೆ ಮಾಯಿತು ಅಂದರೆ ಮುಗಿಯಿತು ಅಂತಲ್ಲ. 100 ಮಂದಿಯಲ್ಲಿ ಸುಮಾರು 40 ಜನರಿಗೆ ಒಂದೇ ವರ್ಷದೊಳಗೆ ಮತ್ತೆ ಆಗುತ್ತದೆ. ಹಾಗಾಗಿ ದಿನಾ ಅಂಗಾಲು ನೋಡಿಕೊಳ್ಳಬೇಕು. ಹೊಟ್ಟೆ ಅಡ್ಡ ಬರುತ್ತದೆ, ಮಂಡಿ ಬಗ್ಗುವುದಿಲ್ಲ, ಶುಗರ್ ಕಣ್ಣನ್ನೂ ಬಿಟ್ಟಿರುವುದಿಲ್ಲ. ಮನೆಯಲ್ಲಿ ಯಾರಾದರೂ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ತೋರಿಸಿದರೆ ಕೆಲಸ ಆಯಿತು.

ಇಸ್ತ್ರಿ ಗಾಡಿಯವರ ಮಗಳು ಭಾನುವಾರಕ್ಕೊಂದು ಫೋಟೊ ನನಗೂ ಕಳಿಸುತ್ತಾಳೆ. ಹೋದ ತಿಂಗಳು ಬಂದ ಫೋಟೊದಲ್ಲಿ ಪಾದ ಚೆನ್ನಾಗಿಯೇ ಇತ್ತು. ಪಕ್ಕದಲ್ಲಿ ಬಿಟ್ಟಿದ್ದ ಚಪ್ಪಲಿಯ ಮೇಲೆ ಕಣ್ಣು ಹೋಯಿತು. ಕಿತ್ತುಹೋದ ಪಟ್ಟಿಗೆ ಪಿನ್ನು ಹಾಕಿ ಸೇರಿಸಿದ್ದರು, ಮೊನೆ ಒಳಮುಖವಾಗಿತ್ತು. ತಕ್ಷಣ ಫೋನ್ ಮಾಡಿದೆ.

“ಅಯ್ಯೋ ಅದಾ? ಹದಿನೈದು ದಿನ ಆಯ್ತು ಸಾರ್ ಹಾಕಿ. ಚುಚ್ಚೋದೇ ಇಲ್ಲ.”