ಗಾಯಕ್ಕೊಂದು, ರೋಗಕ್ಕೊಂದು: ಟೊಮೆಟೊ ಗಿಡದೊಳಗಿನ ಎರಡು ಹಾರ್ಮೋನುಗಳು

ಕೋಲಾರದ ಟೊಮೆಟೊ ತೋಟಗಳಲ್ಲಿ ನೀಲಗಿರಿ ಕಡ್ಡಿಗೆ ಗಿಡ ಕಟ್ಟುತ್ತಾ ಪಕ್ಕದ ಕವಲುಗಳನ್ನು ಚಿವುಟುವವರ ಬೆರಳುಗಳು ಸ್ವಲ್ಪ ಹೊತ್ತಿನಲ್ಲೇ ಹಸಿರುಗಪ್ಪಾಗುತ್ತವೆ. ಸೋಪು ಹಾಕಿ ತಿಕ್ಕಿದರೂ ಆ ಘಾಟು ಊಟದ ಹೊತ್ತಿಗೂ ಕೈಬಿಟ್ಟಿರುವುದಿಲ್ಲ. ಎಲೆಯ ಮೇಲಿನ ಸಣ್ಣ ರೋಮಗಳು ಒಡೆದು ಸುರಿಸುವ ಈ ರಸ ಗಿಡದ ಮೊದಲ ಕಾವಲು. ಅದರ ಹಿಂದೆ ನಡೆಯುವ ಹಾರ್ಮೋನುಗಳ ಲೆಕ್ಕಾಚಾರ ಕಣ್ಣಿಗೆ ಕಾಣುವುದಿಲ್ಲ: ಗಾಯಕ್ಕೆ ಜಾಸ್ಮೋನಿಕ್ ಆಮ್ಲ, ರೋಗಕ್ಕೆ ಸ್ಯಾಲಿಸಿಲಿಕ್ ಆಮ್ಲ. ಚಿಗುರು ಬರಿಸುವುದು, ಹೂ ನಿಲ್ಲಿಸುವುದು, ರೋಗ ತಡೆಯುವುದು ಎಲ್ಲವೂ ಅಂಗಡಿಯ ಕಪಾಟಿನಲ್ಲಿ ‘ಟಾನಿಕ್’ ಎಂಬ ಒಂದೇ ಹೆಸರಿನಲ್ಲಿ ಅಕ್ಕಪಕ್ಕ ಕುಳಿತಿರುವುದರಿಂದ, ಯಾವುದು ಯಾವುದರ ಕೆಲಸವೆಂಬುದು ಈಗ ಗೋಜಲಾಗಿದೆ.

ರೋಗದ ಕಡೆಯ ಇತಿಹಾಸವನ್ನು ಚುಟುಕಾಗಿ ಹೇಳಿಬಿಡಬಹುದು. ತಂಬಾಕಿನ ಒಂದೆರಡು ಎಲೆಗೆ ಮೊಸಾಯಿಕ್ ವೈರಸ್ ತಗುಲಿದರೆ ಉಳಿದ ಎಲೆಗಳೂ ಮುಂದಿನ ದಾಳಿಗೆ ಸಜ್ಜಾಗುತ್ತವೆ ಎಂದು 1961ರಲ್ಲಿ ಅಮೆರಿಕದ ಫ್ರಾಂಕ್ ರಾಸ್ ತೋರಿಸಿದರು. 1979ರಲ್ಲಿ ಇಂಗ್ಲೆಂಡಿನ ಆರ್. ಎಫ್. ವೈಟ್, ನಾವು ತಲೆನೋವಿಗೆ ನುಂಗುವ ಆಸ್ಪಿರಿನ್ನನ್ನೇ ತಂಬಾಕಿನ ಎಲೆಗೆ ಕೊಟ್ಟು ಅದೇ ವೈರಸ್ಸಿನ ಹಾವಳಿ ತಗ್ಗಿಸಿದರು. ರೋಗ ತಗುಲಿದ ಗಿಡ ಆಸ್ಪಿರಿನ್ನಿನ ಹತ್ತಿರದ ಸಂಬಂಧಿಯಾದ ಸ್ಯಾಲಿಸಿಲಿಕ್ ಆಮ್ಲವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ ಎಂಬುದು 1990ರಲ್ಲಿ ತಿಳಿಯಿತು.

ಗಾಯದ ಕಡೆಯ ಕಥೆಗೆ ನಾಯಕ ಟೊಮೆಟೊ ಗಿಡವೇ ಆದ್ದರಿಂದ ಅಲ್ಲಿ ಸ್ವಲ್ಪ ನಿಲ್ಲಬೇಕು. 1972ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಲಾರೆನ್ಸ್ ರಯಾನ್ ಮತ್ತು ಅವರ ಸಹೋದ್ಯೋಗಿ ಗ್ರೀನ್, ಕೊಲರಾಡೊ ದುಂಬಿ ಒಂದು ಎಲೆಯನ್ನು ಕಡಿದರೆ ಕಡಿಯದ ಎಲೆಗಳಲ್ಲಿಯೂ ಹುಳುವಿನ ಜೀರ್ಣಶಕ್ತಿ ಕೆಡಿಸುವ ಪ್ರೋಟೀನು ತುಂಬಿಕೊಳ್ಳುವುದನ್ನು ಕಂಡರು. ಹಾಗಾದರೆ ಸುದ್ದಿ ಮುಟ್ಟಿಸಿದವರು ಯಾರು? 1990ರಲ್ಲಿ ಎಡ್ವರ್ಡ್ ಫಾರ್ಮರ್ ಮತ್ತು ರಯಾನ್, ಜಾಸ್ಮೋನಿಕ್ ಆಮ್ಲದ ಆವಿಯಾಗುವ ರೂಪವಾದ ಮೀಥೈಲ್ ಜಾಸ್ಮೊನೇಟನ್ನು ಸೂಸುವ ಸೇಜ್‌ಬ್ರಷ್ ಗಿಡದ ಕೊಂಬೆಗಳನ್ನು ಟೊಮೆಟೊ ಗಿಡದ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟಾಗ, ಗಾಯವೇ ಆಗದ ಟೊಮೆಟೊ ಕೂಡ ಆ ಪ್ರೋಟೀನು ತಯಾರಿಸಿತು. ಈ ಮೀಥೈಲ್ ಜಾಸ್ಮೊನೇಟ್ 1962ರಲ್ಲಿ ಮೊದಲು ಸಿಕ್ಕಿದ್ದು ನಮ್ಮ ಜಾಜಿಹೂವಿನ ಎಣ್ಣೆಯಲ್ಲಿ. ಮೊದಮೊದಲು ಅದು ಸುಗಂಧದ ವ್ಯಾಪಾರಿಗಳ ಸರಕಾಗಿತ್ತು. 1991ರಲ್ಲಿ 18 ಅಮೈನೋ ಆಮ್ಲಗಳ ಸಿಸ್ಟೆಮಿನ್ ಎಂಬ ಪುಟ್ಟ ಪೆಪ್ಟೈಡು (ಪ್ರೋಟೀನಿನ ತುಣುಕು) ಟೊಮೆಟೊ ಎಲೆಯಲ್ಲೇ ಪತ್ತೆಯಾಗಿ, ಓಡಾಡುವ ದೂತ ಅದೇ ಎಂದು ಹಲವರು ನಂಬಿದರು. ಆ ನಂಬಿಕೆಯನ್ನು ಅಲುಗಿಸಿದ್ದು 2002ರ ಕಸಿ ಪ್ರಯೋಗ. ಶ್ರೀನಿವಾಸಪುರದವರು ಮಾವಿಗೆ ಕಟ್ಟುವ ಹಾಗೆ ಬೇರೆ ಬೇರೆ ದೋಷವಿರುವ ಟೊಮೆಟೊಗಳನ್ನು ಒಂದಕ್ಕೊಂದು ಕಸಿ ಮಾಡಿ ನೋಡಿದಾಗ, ಜಾಸ್ಮೋನಿಕ್ ಆಮ್ಲವನ್ನು ತಯಾರಿಸುವ ಶಕ್ತಿ ಗಾಯವಾದ ಎಲೆಗೂ, ಅದನ್ನು ಗುರುತಿಸುವ ಶಕ್ತಿ ದೂರದ ಎಲೆಗೂ ಇರಲೇಬೇಕೆಂದು ಗೊತ್ತಾಯಿತು; ಅಂದರೆ ದೂರ ಓಡುವ ದೂತ ಜಾಸ್ಮೋನಿಕ್ ಕಡೆಯದೇ ಇರಬೇಕು.

ತೊಡಕು ಇರುವುದು ಈ ಎರಡು ದಾರಿಗಳು ಕೂಡುವಲ್ಲಿ. ಆಸ್ಪಿರಿನ್ ಕೊಟ್ಟ ಟೊಮೆಟೊ ಗಾಯಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲವೆಂದು 1988ರಲ್ಲೇ ವರದಿಯಾಗಿತ್ತು. ಸ್ಯಾಲಿಸಿಲಿಕ್ ಏರಿದರೆ ಜಾಸ್ಮೋನಿಕ್ ಇಳಿಯುವುದೇ ಹೆಚ್ಚು. ಬಿಳಿನೊಣದ ಮರಿಗಳು ಈ ಜಗಳದಲ್ಲೇ ಲಾಭ ಮಾಡಿಕೊಳ್ಳುತ್ತವೆ: ಎಲೆಯನ್ನು ಅಗಿಯದೆ ಸೂಜಿಯಂಥ ಬಾಯಿಂದ ರಸ ಹೀರುವುದರಿಂದ ಗಿಡ ಅದನ್ನು ಹುಳುವಿನ ಕಡಿತವೆಂದಲ್ಲ, ರೋಗವೆಂದೇ ಎಣಿಸಿ ಸ್ಯಾಲಿಸಿಲಿಕ್ ದಾರಿ ಹಿಡಿಯುತ್ತದೆ, ಮರಿಗಳನ್ನು ನಿಧಾನಿಸಬೇಕಾದ ಜಾಸ್ಮೋನಿಕ್ ಕಾವಲು ಸಡಿಲಾಗುತ್ತದೆ. ಅರಾಬಿಡಾಪ್ಸಿಸ್ ಎಂಬ ಪ್ರಯೋಗದ ಗಿಡದಲ್ಲಿ ಇದು 2007ರಲ್ಲಿ ಸ್ಪಷ್ಟವಾಯಿತು. ಎಲೆ ಮುಟುರು ರೋಗದ ವೈರಸ್ಸನ್ನು ಹೊತ್ತು ತರುವುದು ಇದೇ ಬಿಳಿನೊಣ. 2023ರ ಬೇಸಿಗೆಯಲ್ಲಿ ಮುಟುರು ರೋಗ ಕೋಲಾರದ ಎಷ್ಟೋ ತೋಟಗಳನ್ನು ಕಾಡಿ, ಜುಲೈ ಹೊತ್ತಿಗೆ 15 ಕಿಲೋ ಬಾಕ್ಸಿನ ದರ ಎರಡು ಸಾವಿರ ರೂಪಾಯಿ ದಾಟಿದಾಗ, ಬಾಕ್ಸು ತುಂಬಿಸಲು ಕಾಯೇ ಇಲ್ಲದವರು ಬಹಳ ಮಂದಿಯಿದ್ದರು.

ಹೀಗಿರುವಾಗ ‘ನಿರೋಧಕ ಶಕ್ತಿ’ ಎಂಬ ಒಂದೇ ಮಾತಿನಲ್ಲಿ ಬಾಟಲಿ ಮಾರುವುದು ಎಷ್ಟು ಸರಿ ಎಂಬ ಪ್ರಶ್ನೆ ಏಳುತ್ತದೆ. ಒಂದು ದಾರಿಗೆ ಒತ್ತುಕೊಟ್ಟರೆ ಇನ್ನೊಂದು ಸೊರಗಬಹುದು ಎಂಬ ಎಚ್ಚರಿಕೆಯನ್ನು ಲೇಬಲ್ಲಿನಲ್ಲಿ ಹುಡುಕಬೇಕಾಗಿ ಬಂದರೆ ರೈತನನ್ನು ದೂರುವಂತಿಲ್ಲ. ಇಂಥ ಟಾನಿಕ್‌ಗಳು ಸೇರುವ ಜೈವಿಕ ಉತ್ತೇಜಕಗಳ ಗುಂಪು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿದ್ದೇ 2021ರಲ್ಲಿ. ಅಷ್ಟರಲ್ಲಿ ಬಾಟಲಿಗಳು ಹಳ್ಳಿ ಹಳ್ಳಿಯ ಅಂಗಡಿ ಸೇರಿಯಾಗಿತ್ತು.

ಇತ್ತ ಮುಟುರು ರೋಗ ತಾಳಿಕೊಳ್ಳುವ ನಂದಿ, ಸಂಕ್ರಾಂತಿ, ವೈಭವ್ ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯವೂ, ಅರ್ಕಾ ರಕ್ಷಕ್ ಹೈಬ್ರಿಡ್ಡನ್ನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯೂ ಹೊರತಂದಿವೆ. ಇದೇ ಬಗೆಯ ವೈರಸ್ಸನ್ನು ತಡೆಯುವ ಟಿವೈ-1 ಎಂಬ ಜೀನಿನ ಗುಟ್ಟು 2013ರಲ್ಲಿ ಬಯಲಾದಾಗ, ಅದು ವೈರಸ್ಸಿನ ಜೀನುಗಳ ಸದ್ದಡಗಿಸುವ ಆರ್‌ಎನ್‌ಎ ಹಾದಿಯಲ್ಲಿ ಕೆಲಸ ಮಾಡುವ ಕಿಣ್ವವೊಂದರ ಜೀನೆಂದು ತಿಳಿಯಿತು. ಅದು ಯಾವ ಹಾರ್ಮೋನಿನ ಜೀನೂ ಆಗಿರಲಿಲ್ಲ.