ಖಾಲಿ ಕಂಬವನ್ನು ಮೊದಲು ಅಳೆಯಿರಿ

ಕಲಬುರಗಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ರೇಡಾರ್ ಅಳತೆ ಕಲಿಸುವಾಗ 30 ಸೆಂ.ಮೀ. ವ್ಯಾಸದ ಲೋಹದ ಗೋಳವನ್ನೂ 30 ಸೆಂ.ಮೀ. ಬದಿಯ ಚೌಕ ತಗಡನ್ನೂ ಜೊತೆಗಿಟ್ಟು ತೋರಿಸುತ್ತೇನೆ. ಕಣ್ಣಿಗೆ ಇವು ಹೆಚ್ಚುಕಡಿಮೆ ಒಂದೇ ಗಾತ್ರ. ಆದರೆ 10 ಗಿಗಾಹರ್ಟ್ಸ್‌ನಲ್ಲಿ, ಅಂದರೆ 3 ಸೆಂ.ಮೀ. ತರಂಗಾಂತರದಲ್ಲಿ, ಗೋಳದ ರೇಡಾರ್ ಅಡ್ಡಛೇದ, ಅಂದರೆ ರೇಡಾರಿಗೆ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಅಳತೆ, ಸುಮಾರು 0.07 ಚದರ ಮೀಟರ್. ನೇರವಾಗಿ ಎದುರಿಟ್ಟ ತಗಡಿನದು ಸುಮಾರು 113 ಚದರ ಮೀಟರ್. ಅದೇ ತಗಡನ್ನು 3 ಡಿಗ್ರಿಯಷ್ಟು ತಿರುಗಿಸಿದರೆ ಮರಳುವ ಸಂಕೇತ ಬಹುತೇಕ ಇಲ್ಲವಾಗುತ್ತದೆ. ಗೋಳ ಮಾತ್ರ ಯಾವ ಕಡೆಯಿಂದ ನೋಡಿದರೂ ಒಂದೇ ಉತ್ತರ ಕೊಡುವುದರಿಂದ, ಅದರ ಬೆಲೆಯನ್ನು ಲೆಕ್ಕದಿಂದಲೇ ಪಡೆಯಬಹುದಾದ್ದರಿಂದ, ನಮಗೆ ಅದೇ ತೂಕದ ಕಲ್ಲು.

ಅಳತೆಯ ಕ್ರಮ ಹೀಗಿದೆ: ಮೊದಲು ಥರ್ಮಾಕೋಲ್ ಕಂಬವನ್ನು ಖಾಲಿಯಾಗಿಯೇ ಅಳೆದು, ಆಮೇಲೆ ಗೋಳವನ್ನು, ಕೊನೆಗೆ ವಸ್ತುವನ್ನು ಅದರ ಮೇಲಿಟ್ಟು ಅಳೆದು, ಎರಡರಿಂದಲೂ ಖಾಲಿ ಕಂಬದ ಸಂಕೇತವನ್ನು ಕಳೆಯಬೇಕು. ಪ್ರಬಲತೆಯ ಜೊತೆಗೆ ಹಂತವನ್ನೂ, ಅಂದರೆ ಅಲೆ ತನ್ನ ಏರಿಳಿತದ ಯಾವ ಘಟ್ಟದಲ್ಲಿದೆ ಎಂದು ಹೇಳುವ ಫೇಸನ್ನೂ, ಲೆಕ್ಕಕ್ಕೆ ಹಿಡಿಯದಿದ್ದರೆ ಈ ಕಳೆಯುವಿಕೆಗೆ ಅರ್ಥವಿಲ್ಲ. ಒಂದು ಏಪ್ರಿಲ್‌ನಲ್ಲಿ ಖಾಲಿ ಅಳತೆ ಮುಗಿದ ಮೇಲೆ ಸೆಕೆ ತಾಳಲಾರದೆ ಯಾರೋ ಫ್ಯಾನ್ ಹಾಕಿದ್ದರು. ಅಂದು ಅಳೆಯುತ್ತಿದ್ದ ಹಿತ್ತಾಳೆ ಕೊಡವನ್ನು ತಿರುಗಿಸುತ್ತಾ ಪಡೆದ ಸಂಕೇತದ ನಕ್ಷೆ ಅಲುಗಾಡುವುದನ್ನು ಕಂಡು ನಾವು ಬೆಳಗಿನಿಂದ ಮಧ್ಯಾಹ್ನದವರೆಗೆ ಖಾಲಿ ಅಳತೆಯಲ್ಲಿ ಇಲ್ಲದಿದ್ದ ಫ್ಯಾನನ್ನು ಬಿಟ್ಟು ತಿರುಗುಮೇಜನ್ನೇ ಶಂಕಿಸಿದೆವು. ನಮ್ಮ ಭಾಗದ ಬೇಸಿಗೆಯಲ್ಲಿ ಕೇಬಲ್ ಬಿಸಿಯಾದರೂ ಫೇಸ್ ಜಾರುತ್ತದೆ; ಆದ್ದರಿಂದ ಕೊನೆಯಲ್ಲಿ ಖಾಲಿ ಕಂಬವನ್ನು ಇನ್ನೊಮ್ಮೆ ಅಳೆಯಲೇಬೇಕು.

ರೇಡಾರಿಗೂ ವಸ್ತುವಿಗೂ ನಡುವಿನ ದೂರವೂ ಮುಖ್ಯ: ವಸ್ತುವನ್ನು ತಲುಪುವ ಹೊತ್ತಿಗೆ ತರಂಗ ಹೆಚ್ಚುಕಡಿಮೆ ಸಮತಟ್ಟಾಗಿರಬೇಕು. 1 ಮೀಟರ್ ಅಗಲದ ವಸ್ತುವಿಗೆ ಇದೇ ಆವರ್ತನದಲ್ಲಿ ಸುಮಾರು 67 ಮೀಟರ್ ದೂರ ಬೇಕು. ಅಷ್ಟು ಜಾಗವಿಲ್ಲದಲ್ಲಿ ಬಾಗಿದ ದೊಡ್ಡ ಪ್ರತಿಫಲಕದಿಂದ ತರಂಗವನ್ನು ಸಮತಟ್ಟಾಗಿಸಿ ಬಳಸುತ್ತಾರೆ.

ವಿದ್ಯಾರ್ಥಿಗಳಿಗೆ ಬಹಳ ಹಿಡಿಸುವುದು ಬೀದರಿನ ಬಿದ್ರಿ ಹೂಜಿ. ಸತು-ತಾಮ್ರದ ಕಪ್ಪು ಮೈ ಮೇಲಿನ ಬೆಳ್ಳಿಯ ಬಳ್ಳಿಗಳನ್ನು ಕಣ್ಣು ಬಿಡಿಸಿ ನೋಡುತ್ತದೆ. ರೇಡಾರಿಗೆ ಎರಡೂ ಒಂದೇ ಲೋಹ, ಅದು ಓದುವುದು ಕತ್ತು ಮತ್ತು ಹೊಟ್ಟೆಯ ಆಕಾರವನ್ನು. ಹಿಡಿಯಿಲ್ಲದ ಹೂಜಿ ಸುತ್ತಲೂ ಒಂದೇ ಸಮನಾಗಿರುವುದರಿಂದ ಅದನ್ನು ತಿರುಗಿಸಿದಾಗ ನಕ್ಷೆ ಸರಳರೇಖೆಯಂತಿರಬೇಕು. ಪ್ರಬಲತೆ ಅಲೆಯಾಡಿದರೆ ಹಿನ್ನೆಲೆ ಪೂರ್ತಿ ಕಳೆದಿಲ್ಲವೆಂದು ಅನುಮಾನಿಸುತ್ತೇನೆ. ಪ್ರತಿ ಸುತ್ತಿಗೆ ಒಮ್ಮೆ ಫೇಸ್ ಮಾತ್ರ ಆ ಕಡೆ ಈ ಕಡೆ 72 ಡಿಗ್ರಿ ತೂಗಿದರೆ, ಹೂಜಿ ಕೇಂದ್ರದಿಂದ 3 ಮಿ.ಮೀ. ಸರಿದು ಕುಳಿತಿದೆ.